ನೀಲಿ ಹದಿನೇಳು

ಒಂದು ಮಗ್ಗ ನಿಂತಿತು, ಕರೆಂಟು ಹೋಯಿತೇ, ಇಲ್ಲ, ಫ್ಯಾನು ತಿರುಗುತ್ತಲೇ ಇದೆ, ಉಳಿದವು ಖಟಖಟ ಎನ್ನುತ್ತಲೇ ಇವೆ, ಹಾಗಾದರೆ ಕೆಳಗಿನ ಶೆಡ್ಡಿನಲ್ಲಿ ಯಾರದೋ ಎಳೆ ಹರಿಯಿತು, ಮಗ್ಗಗಳ ಊರು ಕೊರೋಚಿಯಲ್ಲಿ ಹುಟ್ಟಿದ ಕಿವಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ — ನನ್ನದೂ ನಿಂತಿದೆ, ಲ್ಯಾಪ್‌ಟಾಪಿನಲ್ಲಿ ಕರ್ಸರ್ ಮಿಟುಕುತ್ತಿದೆ, ನನ್ನ ಡಿಜಿಟಲ್ ಸಹಿಯ ಪಾಸ್‌ವರ್ಡ್ ಕೇಳುತ್ತಿದೆ, ಕೊಟ್ಟು ಎಂಟರ್ ಒತ್ತಿದರೆ ಸಾಕು, ತೂತು ಮುಚ್ಚಿದ ಹೊಸ ಬ್ರೌಸರ್ ನಮ್ಮ ಲಿನಕ್ಸ್ ಹಾಕಿರುವ ಮುನ್ನೂರು ಶಾಲೆಗಳಿಗೆ ಹೋಗುತ್ತದೆ, ಒತ್ತಬೇಡ ಎಂದು ಭರತೇಶ ಸರ್ ಕೊಲ್ಹಾಪುರದ ಆಫೀಸಿನಿಂದ ಬೆಳಗಿನಿಂದ ಮೂರು ಸಲ ಫೋನು ಮಾಡಿದ್ದಾರೆ. ಐಕ ನಾ ಕಾಜಲ, ಕೇಳಿಲ್ಲೆ, ಹೊಸಾದ್ರಾಗ ನಮ್ಮ ಹಾಜರಿ ಪೇಜ್ ತೆರಿಯಂಗಿಲ್ಲ, ನಾಳೆ ಸಾಹೇಬ್ರು ನೋಡಾಕ ಬರ್ತಾರ, ಮಾನ ಹೋಗತೈತಿ, ನಾಕ ದಿನಾ ತಡದ್ರ ಏನಾಗತೈತಿ, ಗಡಹಿಂಗ್ಲಜದ ಸಾಲಿಗೆ ಯಾವ ಕಳ್ಳ ಬರ್ತಾನ. ಅಯ್ಯ ನನ್ನ ಶಾಣ್ಯಾ, ಕಳ್ಳ ಎಸ್‌.ಟಿ. ಬಸ್ಸು ಹತ್ತಿ ಬರುತ್ತಾನೆಯೇ, ಮಾಸ್ತರರು ಯಾವುದೋ ಕೆಟ್ಟ ಪೇಜು ತೆರೆದರೆ ಮುಗಿಯಿತು, ಆ ತೂತಿನೊಳಗೆ ಕೈಹಾಕಿ ಪಾಸ್‌ವರ್ಡು, ಮಕ್ಕಳ ಹೆಸರು, ಮನೆಯ ವಿಳಾಸ ಎಲ್ಲ ಬಾಚಿಕೊಳ್ಳುತ್ತಾನೆ, ನಿನ್ನೆಯಿಂದ ಜಗತ್ತಿಗೆಲ್ಲ ಆ ತೂತು ಗೊತ್ತು, ನಮ್ಮ ಶಾಲೆಗಳಿಗೆ ಮಾತ್ರ ಗೊತ್ತಿಲ್ಲ.

ಗೊತ್ತಾಗದ ಹಾಗೆ ಮಾಡಿದವಳು ಯಾರು, ನಾನೇ, ಹೋದ ತಿಂಗಳು ಇದೇ ಹಾಜರಿ ಪೇಜಿಗಾಗಿ ಬ್ರೌಸರಿನ ಅಪ್‌ಡೇಟ್ ತಾನಾಗಿ ಹೋಗದಂತೆ ತಡೆದವಳು ನಾನೇ, ಹೌದ್ರಿ ಸರ್ ಎಂದು ಸಹಿ ಹಾಕಿದವಳು ನಾನೇ, ಥೂ ನನ್ನ ಬಾಯಿಗಿಷ್ಟು — ಅಪ್ಪ ಹೌದ್ರಿ ಎನ್ನಲಿಲ್ಲ, ಇದೇ ಶೆಡ್ಡು, ನಾನಿನ್ನೂ ಸಣ್ಣವಳು, ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ, ಎಳೆ ಹರಿದಿದೆ, ಅಪ್ಪ ಮಗ್ಗ ನಿಲ್ಲಿಸಿದ್ದಾನೆ, ಮಗ್ಗಗಳ ಉಸ್ತುವಾರಿಯ ಜಾಬರ್ ಕಾಡಸಿದ್ದ ಅರಚುತ್ತಿದ್ದಾನೆ, ಓಡ್ಲಿ ಬಿಡೋ ಮಾಯಪ್ಪಾ, ಲಾರಿ ನಿಂತೈತಿ, ಒಂದ್ ಎಳಿ ಯಾಂವ ನೋಡ್ತಾನ, ಅಪ್ಪ ಎಳೆಯ ತುದಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಸಾವಕಾಶ ಗಂಟು ಹಾಕುತ್ತಾನೆ, ನೇಯ್ದ ಬಟ್ಟೆಯ ಥಾನಿನ ಅಂಚಿಗೆ ನೀಲಿ ಬಳಪದಿಂದ ತನ್ನ ಮಗ್ಗದ ನಂಬರು ಬರೆಯುತ್ತಾನೆ, ಹದಿನೇಳು, ಥಾನಿನ ಮ್ಯಾಲ ಇರೂ ನಂಬರ್ ನಂದೈತ್ರಿ, ನಿಮ್ದಲ್ಲ. ಮರುದಿನವೇ ಅವನನ್ನು ಕೆಲಸದಿಂದ ಬಿಡಿಸಿದರು, ಅವ್ವ ರಾಯವ್ವ ಇಡೀ ವಾರ ಬೈದಳು, ಹಟಮಾರಿ, ನಿನ್ನ ಹಟಾ ಹೊಟ್ಟಿಗೆ ಹಾಕತೈತೇನು ಎಂದಳು, ಆಮೇಲೆ ಓಣಿಯವರ ಮುಂದೆ ಅದನ್ನೇ ಎದೆಯುಬ್ಬಿಸಿ ಹೇಳಿದಳು.

ಫೋನು ಮತ್ತೆ, ನಾಲ್ಕನೆಯ ಸಲ, ಎತ್ತುತ್ತೇನೆ, ಹೆದರಿಕೆ ಯಾರಿಗೆ, ಒತ್ತಿದ್ರ ನಾಳಿಂದ ಬರಬ್ಯಾಡ ನೋಡ, ನಿನ್ನ ಕೆಲಸಾ ಆಫೀಸಿನ್ಯಾಗಿನ ಧೀರಜನ ಕಡೆ ಮಾಡಸ್ತೇನಿ — ಮಾಡಸ್ರಿ ಸರ್, ಆದರೆ ಆ ಕಂಪ್ಯೂಟರುಗಳು ನನ್ನ ಸಹಿಯನ್ನು ಬಿಟ್ಟು ಯಾರದ್ದನ್ನೂ ನಂಬುವುದಿಲ್ಲ, ನೀವೇ ಹಾಗೆ ಮಾಡಿಸಿದ್ದು, ಮರೆತಿರೇನು, ಹೆಸರು ನನ್ನದು, ತೂತು ನಿಮ್ಮದು ಎಂದರೆ ನಡೆಯುವುದಿಲ್ಲ, ಹಾಜರಿಯನ್ನು ನಾಳೆ ಒಂದು ದಿನ ಹಾಳೆಯ ಮೇಲೆ ಬರೆಯಲಿ, ಪೆನ್ನು ಸತ್ತಿಲ್ಲ, ಇಡ್ರಿ ಫೋನ್. ಕೆಲಸ ಹೋಗುತ್ತದೆ, ಹೋಗಲಿ, ಪಾಸ್‌ವರ್ಡಿನ ಒಂದೊಂದು ಅಕ್ಷರ, ಎಂಟರ್ — ಸಾಲುಗಳು ಓಡುತ್ತಿವೆ, ದಾನೋಳಿಯ ಶಾಲೆ ತೆಗೆದುಕೊಂಡಿತು, ಗಡಹಿಂಗ್ಲಜ ತೆಗೆದುಕೊಂಡಿತು, ಪ್ರತಿ ಸಾಲಿನ ತುದಿಗೆ ನನ್ನ ಹೆಸರು, ಕೆಳಗೆ ನಿಂತಿದ್ದ ಮಗ್ಗ ಮತ್ತೆ ಶುರುವಾಯಿತು, ಯಾರೋ ಗಂಟು ಹಾಕಿದರು, ಬಿಳಿ ಥಾನಿನ ಅಂಚು, ಅಪ್ಪನ ಕೈ, ನೀಲಿ ಹದಿನೇಳು, ನೀಲಿ ಹದಿನೇಳು