ಮಾಜಿ ದೊರೆ ಕೇರಿಗೆ ಕಾಲಿಟ್ಟದ್ದು

ಒಂದೂರಲ್ಲಿ ಒಬ್ಬ ದೊರೆಯಿದ್ದನಂತೆ. ಐದು ವರ್ಷಕ್ಕೊಮ್ಮೆ ಮಾತ್ರ ಅವನಿಗೆ ಕಣ್ಣು ಕಾಣುತ್ತಿತ್ತಂತೆ. ಹಾಗೆ ಕಣ್ಣು ಬಂದ ಒಂದು ಬೆಳಿಗ್ಗೆ ಅವನು ಚರಂಡಿಯ ಆಚೆ ದಡದಲ್ಲಿ ನಿಂತು, ಈಚೆ ಕೇರಿಯ ಹಮಾಲನನ್ನು ಕರೆದ.

"ಅಣ್ಣಾ, ಸ್ವಲ್ಪ ಬಾರಪ್ಪ."

ಹಮಾಲ ಆ 'ಅಣ್ಣಾ'ವನ್ನು ಮನಸ್ಸಿನಲ್ಲೇ ತೂಗಿ ನೋಡಿದ. ಸೈಕಲ್ಲು ತುಳಿದು ಓಟು ಕೇಳಲು ಬಂದಾಗಲೂ ಈತ 'ಅಣ್ಣಾ' ಅಂದಿದ್ದ. ಶಾಸಕನಾದ ಮೇಲೆ 'ಲೋ' ಅಂದ. ಮತ್ತೆ ಗೆದ್ದ ಮೇಲೆ ಕಾರಿನ ಗಾಜೇ ಇಳಿಯಲಿಲ್ಲ. ಹೋದ ಸಲ ಸೋತು ಮಾಜಿಯಾದ. ಈಗ ಮತ್ತೆ ಅಣ್ಣ.

"ಆ ಬೋಳಿಮಗ ಸುಮ್‌ಸುಮ್ನೆ ಅಣ್ಣ ಅನ್ನಲ್ಲ," ಬಾಗಿಲಲ್ಲಿ ಕೂತಿದ್ದ ಹೆಂಡತಿ ಗೊಣಗಿದಳು. "ಮೂಸಿ ನೋಡಿ ಹೋಗು."

ಅವಳಿಗೆ ದಿನ ತುಂಬಿತ್ತು. ಹಿಂದಿನ ಬಸುರಿನಲ್ಲಿ, ದಾಟಲು ಹಾಕಿದ್ದ ಕೊಳೆತ ಹಲಗೆಯಿಂದ ಜಾರಿ ಇದೇ ಚರಂಡಿಗೆ ಬಿದ್ದು ಕೂಸು ಕಳೆದುಕೊಂಡಿದ್ದಳು. ಈಗ ಆ ಹಲಗೆಯೂ ಇಲ್ಲ. ನೋವು ಬಂದರೆ ಗಂಡನ ಬೆನ್ನೇ ಗತಿ.

ಹಮಾಲ ಮೊಣಕಾಲುದ್ದ ಕೊಳಚೆ ದಾಟಿ ಹೋದ.

"ನಿಮ್ ಕೇರಿಗೆ ಕಾಲಿಡ್ತೀನಿ, ಕಣ್ಣಾರೆ ನೋಡಿ ಚರಂಡಿಗೆ ಚಪ್ಪಡಿ ಹಾಕಿಸ್ತೀನಿ ಅಂದಿದ್ನಲ್ಲ, ಮರ್ತಿಲ್ಲಪ್ಪ," ಅಂದ ಮಾಜಿ. "ಬಿಳಿ ಬಟ್ಟೆ ನೋಡು. ಬೆನ್ ಮೇಲೆ ದಾಟಿಸಿಬಿಡು."

"ಅಂದ್ರೆ ಕಾಲಿಡೋದು ನಾನಾ ಸ್ವಾಮಿ?"

ಫೋನು ಹಿಡಿದಿದ್ದ ಚೇಲಾ ಸಿಡುಕಿದ: "ಮೂಟೆ ಹೊರೋ ನನ್ಮಗನೇ, ಬಾಯ್ ಮುಚ್ಕೊಂಡು ಬಗ್ಗೋ."

ಹಮಾಲ ಬಗ್ಗಿದ. ಬೆವರು ಅಂಟದಂತೆ ಅವನ ಬೆನ್ನಿಗೆ ಟವೆಲ್ಲು ಹಾಸಿಕೊಂಡು ಮಾಜಿ ಏರಿ ಕೂತ.

ನಡು ಚರಂಡಿಯಲ್ಲಿ ಚೇಲಾ ದಡದಿಂದಲೇ ಕೂಗಿ ಅವರನ್ನು ನಿಲ್ಲಿಸಿದ. ಮಾಜಿ ಕೇರಿಯತ್ತ ಕೈಮುಗಿದು, ಫೋನಿನತ್ತ ತಿರುಗಿ ನಕ್ಕ. ಫೋನು ಟಿಕ್ಕೆಂದಿತು.

"ಸಾಕು, ವಾಪಸ್ ತಿರುಗು," ಮಾಜಿ ಕಿವಿಯಲ್ಲಿ ಪಿಸುಗುಟ್ಟಿದ. "ಫೋಟೋ ಬಂತು. ಥೂ, ಏನ್ ನಾತನೋ ನಿಮ್ದು."

ಹೊತ್ತ ಹೊರೆಯನ್ನು ನಡುದಾರಿಯಲ್ಲಿ ಇಳಿಸಬಾರದು ಎಂಬುದು ಹಮಾಲರ ಕಟ್ಟುಪಾಡು. ಇಳಿಸಿದವನನ್ನು ಮತ್ತೆ ಯಾರೂ ಕೂಲಿಗೆ ಕರೆಯುವುದಿಲ್ಲ. ಅವನ ಅಪ್ಪ ಎದೆ ಹಿಡಿದುಕೊಂಡಾಗಲೂ ಮೂಟೆ ಮುಟ್ಟಿಸಿಯೇ ಕುಸಿದಿದ್ದ. ಹಮಾಲ ಬಾಗಿಲ ಕಡೆ ನೋಡಿದ. ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟು ಎದ್ದು ನಿಂತಿದ್ದಳು.

"ಲೋ, ಕಿವಿ ಕೇಳಲ್ವೇನೋ?" ಬೆನ್ನ ಮೇಲಿಂದ ಮಾಜಿ ಗದರಿದ.

ಗಾಜಿನ ಸಾಮಾನು ಇಳಿಸುವಷ್ಟು ನಾಜೂಕಾಗಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ಅವನು ಮಾಜಿಯನ್ನು ಕೊಳಚೆಯೊಳಗೆ ಇಳಿಸಿ ನಿಲ್ಲಿಸಿದ.

"ಆಯ್ತು ಧಣಿ," ಅಂದ. "ಕಾಲಿಟ್ರಿ."