ಮೂವತ್ತೊಂದರ ನಿಂಬೆ

ಇಂಡಿ ಪಟ್ಟಣದ ಕಾಲೇಜಿನಲ್ಲಿ ರಸಾಯನ ವಿಶ್ಲೇಷಣೆಯ ಪ್ರಾಯೋಗಿಕ ತರಬೇತಿಯನ್ನು ದೀಪ ಹಚ್ಚಿ ಉದ್ಘಾಟಿಸುವಂತಿರಲಿಲ್ಲ. ಮೇಜಿನ ತುಂಬ ಸ್ಪಿರಿಟ್ ಬಾಟಲಿಗಳಿದ್ದವು. ಆದ್ದರಿಂದ ಮುಖ್ಯ ಅತಿಥಿ, ನಿಂಬೆರಸದ ಕಾರ್ಖಾನೆಯ ಮಾಲೀಕ ಗುರಲಿಂಗಪ್ಪನವರು, ಬ್ಯುರೆಟ್ ಎಂಬ ಗಾಜಿನ ಅಳತೆಗೊಳವೆಯ ನಲ್ಲಿ ತಿರುಗಿಸುವುದೆಂದು ನಿಶ್ಚಯವಾಯಿತು.

ಕೆಳಗಿನ ಪಾತ್ರೆಯಲ್ಲಿ ಲಚ್ಯಾಣ ಹಳ್ಳಿಯ ರೈತ ಹೆಂಗಸು ರಾಮವ್ವ ತನ್ನ ತೋಟದಿಂದ ತಂದುಕೊಟ್ಟ ನಿಂಬೆಯ ರಸವಿತ್ತು. ಮೇಲಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ಮೂಡಿದೊಡನೆ ನಿಲ್ಲಿಸಬೇಕು. ಕ್ಷಾರ ಹೆಚ್ಚು ಹಿಡಿದರೆ ಹಣ್ಣು ಹೆಚ್ಚು ಹುಳಿ. ಗುರಲಿಂಗಪ್ಪನವರು ನಲ್ಲಿಯನ್ನು ಪೂರ್ತಿ ತಿರುಗಿಸಿದರು. ರಸ ಕುಂಕುಮದ ನೀರಾಯಿತು. ಸಭೆ ಚಪ್ಪಾಳೆ ತಟ್ಟಿತು. ಅಳತೆ ಮೂವತ್ತೊಂದು ಮಿಲಿಲೀಟರ್.

ವಿಭಾಗದ ಮುಖ್ಯಸ್ಥ ಪಂಢರಿನಾಥರು ಅತಿಥಿಗಳನ್ನು ತಿದ್ದಲಿಲ್ಲ, ಉತ್ತರವನ್ನು ತಿದ್ದಿದರು. ಹಲಗೆಯ ಮೇಲೆ ಮೂವತ್ತೊಂದು ಎಂದು ಬರೆದರು. ಅದೇ ರಸವನ್ನು ಅಳೆದ ಶಿಬಿರಾರ್ಥಿಗಳೆಲ್ಲರಿಗೂ ಮೂವತ್ತೊಂದೇ ಬಂದಿತು. ಸಂಪದಾಳಿಗೆ ಮಾತ್ರ ಹತ್ತೊಂಬತ್ತು.

"ಮತ್ತೊಮ್ಮೆ ಮಾಡು," ಎಂದರು ಪಂಢರಿನಾಥರು.

"ಮಾಡೀನ್ರಿ ಸರ್. ಅಷ್ಟ ಬರ್ತೈತ್ರಿ."

"ಅವರ ಕಾರ್ಖಾನ್ಯಾಗ ನೌಕರಿ ಬೇಕೋ ಬ್ಯಾಡೋ?"

"ಬೇಕ್ರಿ."

"ಹಂಗಾರ ಅವರಿಗೆ ಬಂದದ್ದ ನಿನಗೂ ಬರ್ಲಿ."

ಬರಲಿಲ್ಲ. ಪ್ರಮಾಣಪತ್ರವೂ ಬರಲಿಲ್ಲ. ಅದಿಲ್ಲದೆ ನೌಕರಿಯ ಮಾತೇ ಇರಲಿಲ್ಲ.

ಮರುವಾರ ರಾಮವ್ವ ನಿಂಬೆಯ ಚೀಲಗಳೊಂದಿಗೆ ಕಾರ್ಖಾನೆಗೆ ಹೋದಳು. ಅಲ್ಲಿ ಹುಳಿ ನೋಡಿ ದರ ಕಟ್ಟುವ ಪದ್ಧತಿ; ಹುಳಿ ಹೆಚ್ಚಿದಷ್ಟೂ ದರ ಹೆಚ್ಚು.

"ಸಾವ್ಕಾರ್ರ, ಮೂವತ್ತೊಂದರ ದರ ಕೊಡ್ರಿ."

"ಏ ಯವ್ವಾ, ಅದು ಉದ್ಘಾಟನಾದ್ದು!"

"ಹಣ್ಣು ನಮ್ದು, ಕೈ ನಿಮ್ದು. ಚಪ್ಪಾಳಿ ನಾನೂ ಬಡದೇನಿ."

ಗುರಲಿಂಗಪ್ಪನವರು ಕಾಲೇಜಿಗೆ ಫೋನು ಮಾಡಿದರು. "ಕಡಿಮಿ ಬಂದವ್ರು ಯಾರರ ಅದಾರೇನ್ರಿ?"

ಪಂಢರಿನಾಥರು ಸ್ಕೂಟರಿನ ಮೇಲೆ ತಾವೇ ಹೋಗಿ ಪ್ರಮಾಣಪತ್ರವನ್ನು ಸಂಪದಾಳ ಮನೆಗೆ ಮುಟ್ಟಿಸಿದರು. "ನಿನ್ನ ಕೈ ಭಾಳ ಸ್ವಚ್ಛ ಅಂತ ಅವತ್ತ ಹೇಳಿದ್ನಲ್ಲ?" ಅವರು ಹೇಳಿರಲಿಲ್ಲ.

ಕರೆ ಬಂದಂತೆ ಸಂಪದಾ ಕಾರ್ಖಾನೆಗೆ ಹೋಗಿ ರಾಮವ್ವನ ಎದುರಿಗೇ ಬ್ಯುರೆಟ್ಟನ್ನು ನಿಲ್ಲಿಸಿದಳು. ಗುರಲಿಂಗಪ್ಪನವರು ಪಕ್ಕಕ್ಕೆ ಬಾಗಿದರು.

"ತಂಗಿ, ಹದಿನೈದಕ್ಕ ನಿಂದರ್ಸು."

"ಅಷ್ಟೊತ್ತಿಗೆ ಬಣ್ಣಾ ಬಂದಿರೂದಿಲ್ರಿ."

"ಬಣ್ಣಾ ಯಾರು ನೋಡ್ತಾರ?"

"ನಾ ಕುಂತೇನಲ್ಲ," ಎಂದಳು ರಾಮವ್ವ.

ಸಂಪದಾ ಹನಿಹನಿಯಾಗಿ ಬಿಟ್ಟಳು. ತಿಳಿ ಗುಲಾಬಿ ಮೂಡಿತು. ಹತ್ತೊಂಬತ್ತು.

"ಇಷ್ಟ ಏನವಾ? ಸಾವ್ಕಾರ್ರು ಏನರ ಕೊಟ್ಟಾರೇನು ನಿನಗ?" ಎಂದಳು ರಾಮವ್ವ.

"ಲಚ್ಯಾಣದಿಂದ ನಿಮ್ಮನಿಗೆ ಹಣ್ಣಿನ ಬುಟ್ಟಿ ಬಂದಿತ್ತೇನು?" ಎಂದರು ಗುರಲಿಂಗಪ್ಪನವರು.

ಇಬ್ಬರ ಸಿಟ್ಟೂ ಸಮವಾಗಿದ್ದುದರಿಂದ ದರ ಹತ್ತೊಂಬತ್ತಕ್ಕೇ ನಿಂತಿತು.

ಸಂಪದಾಳಿಗೆ ಅಂದೇ ನೌಕರಿಯಾಯಿತು. ಅವಳ ನಿಖರತೆಯನ್ನು ಗುರಲಿಂಗಪ್ಪನವರು ಮೆಚ್ಚಿದರೆಂದಲ್ಲ. ತರಬೇತಿ ಪಡೆದ ಉಳಿದವರಲ್ಲಿ ಯಾರನ್ನು ಕೂಡಿಸಿದರೂ ಮೂವತ್ತೊಂದೇ ಬರುತ್ತಿತ್ತು.