ಹೊಲಿಗೆ ಬಿಚ್ಚಿದ ದಿನ

"ಇವಳ ತಲೇಲಿ ಏನು ಸಗಣಿ ತುಂಬಿದೆಯಾ? ಹೊಲಿಗೆ ಹೊರಗೆ ಕಾಣ್ಬೇಕು ಅಂತ ಬಾಯಿ ಬಡ್ಕೊಂಡ್ರೆ, ಎಲ್ಲಾ ಒಳಗೆ ಮುಚ್ಚಿಟ್ಟಿದಾಳೆ."

ಪ್ರೊಫೆಸರ್ ಬೈದದ್ದು ನನ್ನ ಅಮ್ಮನಿಗೆ. ಅವಳು ನನ್ನ ಅಮ್ಮ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಪಕ್ಕದಲ್ಲೇ ಕ್ಯಾಮೆರಾ ಹಿಡಿದು ನಿಂತಿದ್ದೆ.

ಅವಳನ್ನು ಕಾಲೇಜಿಗೆ ಎಳೆದು ತಂದದ್ದು ನನ್ನ ಥೀಸಿಸ್ಸೇ. ಬಯಲಿನಲ್ಲಿ ನಿಲ್ಲಿಸುವ ಶಿಲ್ಪಗಳಿಗೆ ಬಟ್ಟೆ ಬಳಸಿದರೆ ಅದು ಬಿಸಿಲು ಮಳೆಗೆ ಎಷ್ಟು ದಿನ ತಾಳುತ್ತದೆ ಎಂಬುದು ನನ್ನ ವಿಷಯ. ಲಾರಿ ಟಾರ್ಪಾಲು ಹೊಲಿಯುವ ಹೆಂಗಸರಿಗೆ ಗೊತ್ತಿರುವುದು ನಮ್ಮ ಲೈಬ್ರರಿಗೂ ಗೊತ್ತಿಲ್ಲ ಎಂದು ಜಂಬದಿಂದ ಬರೆದುಬಿಟ್ಟಿದ್ದೆ. ಓದಿದ ಪ್ರೊಫೆಸರರ ಕಿವಿ ನೆಟ್ಟಗಾಯಿತು. ಕಾಲೇಜಿನ ಹುಲ್ಲುಹಾಸಿನ ಮೇಲೆ ಅವರೇ ಮೂರಾಳೆತ್ತರದ ಬಟ್ಟೆಯ ಶಿಲ್ಪವೊಂದನ್ನು ಎಬ್ಬಿಸುವವರಿದ್ದರು. ಅಮ್ಮ ದುಡಿಯುವ ಟಾರ್ಪಾಲು ಶೆಡ್ಡಿನ ಮಾಲೀಕನಿಗೆ ಫೋನ್ ಹೋಯಿತು. ಅವನು ತನ್ನಲ್ಲಿದ್ದ ಒಳ್ಳೆಯ ಕೈಯನ್ನೇ ಕಳಿಸಿದ.

ಬರುವ ಮುಂಚೆ ಅಮ್ಮ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದಳು. "ಅಲ್ಲಿ ನಾನು ನಿಂಗೆ ಯಾರೂ ಅಲ್ಲ. ನೀನು ಮೇಡಂ, ನಾನು ಟಾರ್ಪಾಲಿನವಳು. ಆ ಮಹಾನುಭಾವ ಸಹಿ ಹಾಕೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿರು."

ಥೀಸಿಸ್ಸಿನ ಮೇಲೆ ಪ್ರೊಫೆಸರರ ಸಹಿ ಇಲ್ಲದಿದ್ದರೆ ನನಗೆ ಪದವಿ ಇಲ್ಲ. ಹಿಂದಿನ ವರ್ಷ, ಹೋಟೆಲಿನಲ್ಲಿ ತಟ್ಟೆ ತೊಳೆಯುವವಳ ಮಗಳೆಂದು ಗೊತ್ತಾದ ಹುಡುಗಿಯೊಬ್ಬಳನ್ನು ಇದೇ ಪ್ರೊಫೆಸರ್ ತರಗತಿಯಲ್ಲಿ ಗೋಳು ಹುಯ್ದುಕೊಂಡಿದ್ದರು; ಕೊನೆಗೆ ಅವಳು ಕಾಲೇಜನ್ನೇ ಬಿಟ್ಟಿದ್ದಳು. ಹಾಗಾಗಿ ನಾನು ಹೂಂ ಎಂದೆ. ನನ್ನ ನಾಲಿಗೆಗೆ ನಾಚಿಕೆಯಾಗಲಿಲ್ಲ.

ಅಮ್ಮ ಮಾಡಿದ ತಪ್ಪಾದರೂ ಏನು? ಶೆಡ್ಡಿನಲ್ಲಿ ಒಂದು ಬಟ್ಟೆಯ ಅಂಚನ್ನು ಇನ್ನೊಂದರ ಮೇಲೆ ಕೆಳಮುಖವಾಗಿ ಮಡಿಸಿ ಹೊಲಿಯುತ್ತಾರೆ. ಆಗ ನೀರು ಜಾರಿ ಹೋಗುತ್ತದೆ, ದಾರಕ್ಕೆ ಬಿಸಿಲು ತಾಗುವುದಿಲ್ಲ. ಪ್ರೊಫೆಸರ್ ಬರೆದ ಚಿತ್ರದಲ್ಲಿ ಕೆಂಪು ದಾರ ಹೊರಗೇ ಇರಬೇಕಿತ್ತು, ಗಾಯಕ್ಕೆ ಹಾಕಿದ ಹೊಲಿಗೆಯ ಹಾಗೆ. ಅಮ್ಮ ತಲೆಯೇನೋ ಆಡಿಸಿದ್ದಳು. ದಬ್ಬಣ ಹಿಡಿದ ಮೇಲೆ ಕೈ ಅವಳ ಮಾತು ಕೇಳಲಿಲ್ಲ. ಮಳೆಯಲ್ಲಿ ನಿಲ್ಲುವ ಬಟ್ಟೆಯನ್ನು ಹಾಳಾಗುವ ಹಾಗೆ ಹೊಲಿಯುವುದು ಆ ಕೈಗೆ ಗೊತ್ತೇ ಇರಲಿಲ್ಲ. ನಾಲ್ಕು ದಿನದ ಹೊಲಿಗೆಯೆಲ್ಲ ಮಡಿಕೆಯ ಒಳಗೆ ಸೇರಿತ್ತು.

ಎಲ್ಲವನ್ನೂ ಬಿಚ್ಚಬೇಕೆಂದು ಅಪ್ಪಣೆಯಾಯಿತು. ಅವತ್ತೇ ಸಂಜೆ ಶಿಲ್ಪ ನೋಡಲು ಅತಿಥಿಗಳು ಬರುವವರಿದ್ದರು. ಪ್ರೊಫೆಸರ್‌ಗೆ ಹೊಸ ಯೋಚನೆ ಹೊಳೆಯಿತು: ಅವರೆದುರಿಗೇ ಬಿಚ್ಚಲಿ, ಅದೇ ಕಲೆ.

ಅಮ್ಮ ಹೊಲಿದಿದ್ದ ಬಿಳಿಯ ದಪ್ಪ ಬಟ್ಟೆಯನ್ನೇ ಹುಲ್ಲಿನ ಮೇಲೆ ಹಾಸಿ ನಡುವೆ ಅವಳನ್ನು ಕೂರಿಸಿದರು. ಕೈಗೆ ಹಿಡಿಯಿಲ್ಲದ ಬ್ಲೇಡು. ನಲವತ್ತು ಜನ ಕಾಫಿ ಕಪ್ಪು ಹಿಡಿದು ಅವಳ ಸುತ್ತ ಅಡ್ಡಾಡಿದರು. ಒಬ್ಬ ಹೆಂಗಸು ಬಗ್ಗಿ, ಅಂಗೈ ತೋರಿಸು ಅಂತ ಕೇಳಿ ಫೋಟೋ ತೆಗೆದುಕೊಂಡಳು. ಶ್ರಮದ ನೋವಿನ ಬಗ್ಗೆ ಪ್ರೊಫೆಸರ್ ಅತಿಥಿಗಳಿಗೆ ವಿವರಿಸುತ್ತಿದ್ದರು. ಅಷ್ಟರಲ್ಲಿ ಅಮ್ಮನ ಬೆರಳು ಕೊಯ್ದುಕೊಂಡಿತು. ಅವಳು ಬಟ್ಟೆಗೆ ಕಲೆಯಾಗದಿರಲಿ ಎಂದು ಸೆರಗಿನಲ್ಲಿ ಒತ್ತಿ ಹಿಡಿದಳು.

ಪ್ರೊಫೆಸರ್ ನನ್ನ ಕಿವಿಯ ಹತ್ತಿರ ಬಂದರು. "ಆ ಬೆರಳಿನ ಫೋಟೋ ಹತ್ತಿರದಿಂದ ತೆಗಿ. ರಕ್ತ ಬಟ್ಟೆ ಮೇಲೇ ಬೀಳ್ಲಿ, ಒರೆಸ್ಬೇಡ ಅಂತ ಹೇಳು ಅವಳಿಗೆ."

ನಾನು ಕ್ಯಾಮೆರಾ ಕೆಳಗಿಳಿಸಿದೆ. "ಅಮ್ಮಾ, ಏಳು."

ಅವಳು ತಲೆ ಎತ್ತಲಿಲ್ಲ. "ಯಾರನ್ನ ಕರೀತಿದೀರಾ ಮೇಡಂ?"

ಇಷ್ಟು ದಿನ ಆ ಮೇಡಂ ಅನ್ನುವ ಮಾತನ್ನು ಕೇಳಿಸಿಕೊಂಡು ಊಟ ಹೇಗೆ ಮಾಡಿದೆನೋ.

"ನಿನ್ನನ್ನೇ ಕಣಮ್ಮ," ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅಮ್ಮನ ಮುಖ ಕೆಂಪಾಯಿತು. "ಹಾಳು ಮುಂಡೇದೆ, ಇನ್ನೊಂದು ವಾರ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ ನಿಂಗೆ? ನನ್ನ ಸೊಂಟ ಮುರ್ಕೊಂಡು ಓದಿಸಿದ್ದು ಇದಕ್ಕಾ?"

ಅತಿಥಿಗಳು ಚಪ್ಪಾಳೆ ತಟ್ಟಿದರು. ನಾಟಕ ಎಂದುಕೊಂಡಿದ್ದರು. ಬಿಳಿಚಿಕೊಂಡಿದ್ದ ಪ್ರೊಫೆಸರ್ ಸುಧಾರಿಸಿಕೊಂಡು ತಾವೂ ತಟ್ಟಿದರು, ಒಂದಿಷ್ಟು ಬಾಗಿದರು ಕೂಡ.

ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಬ್ಲೇಡನ್ನು ಪಕ್ಕಕ್ಕೆಸೆದು, ಮಂಡಿ ಹಿಡಿದುಕೊಂಡು ಎದ್ದಳು.

"ಆ ತುದಿ ಹಿಡ್ಕೋ," ಎಂದಳು ನನಗೆ.

ನಾವಿಬ್ಬರೂ ಬಟ್ಟೆ ಮಡಚತೊಡಗಿದೆವು. ಅತಿಥಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು, ಚಪ್ಪಾಳೆ ಸಣ್ಣಗಾಗಿ ನಿಂತಿತು. ಪ್ರೊಫೆಸರ್ ಮಾತ್ರ ಬಂದು ಎರಡೂ ಬೂಟುಗಾಲನ್ನು ಅಂಚಿನ ಮೇಲೆ ಊರಿ ನಿಂತರು. ನಿನ್ನ ಥೀಸಿಸ್ ಇನ್ನೂ ನನ್ನ ಮೇಜಿನ ಮೇಲಿದೆ, ನೆನಪಿರಲಿ ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

ನಾನು ಅಮ್ಮನನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಬಟ್ಟೆಯನ್ನು ಒಮ್ಮೆ ಜಗ್ಗಿದಳು.

"ಕಾಲು ತೆಗಿಯೋ," ಎಂದಳು.